ಕಡೂರಿಗೆ ಬಂದಿಳಿದ ಮೆಕ್ಕೇ

ಫ್ಲೆಕ್ಸ್ ಅಂಗಡಿಯವನಿಗೆ ಫೋನಿನಲ್ಲಿ ಹೆಸರು ಹೇಳಿದ್ದೇ ಧನಪಾಲ್ ಮಾಡಿದ ತಪ್ಪು. ‘ಕೋಚ್ ಮೆಕ್ಕೇ ಅವರಿಗೆ ಸುಸ್ವಾಗತ’ ಎಂದು ಬಿಡಿಸಿ ಬಿಡಿಸಿ ಹೇಳಿದ್ದ. ಬೆಳಗ್ಗೆ ಬಿಚ್ಚಿ ನೋಡಿದರೆ ‘ಕೋಚ್ ಮೆಕ್ಕೆ’ ಎಂಬ ದಪ್ಪಕ್ಷರದ ಪಕ್ಕದಲ್ಲಿ, ಫೋಟೋಕ್ಕೆ ನಿಂತ ಮದುಮಗನ ಹಾಗೆ ಹಲ್ಲು ಬಿಟ್ಟುಕೊಂಡು ಒಂದು ಆಳೆತ್ತರದ ಮೆಕ್ಕೆಜೋಳದ ತೆನೆ!

ಧನಪಾಲ್ ಅಜ್ಜಂಪುರದ ಹೈಸ್ಕೂಲೊಂದರಲ್ಲಿ ಪಿ.ಟಿ. ಮೇಷ್ಟ್ರು. ಮೊಬೈಲಿನಲ್ಲಿ ನೋಡಿಕೊಂಡು ಹುಡುಗಿಯರಿಗೆ ಅಮೆರಿಕದವರ ಫುಟ್‌ಬಾಲ್ ಕಲಿಸುತ್ತಿದ್ದ. ಒಬ್ಬರ ಮೇಲೊಬ್ಬರು ಬಿದ್ದು ಮೂಳೆ ಮುರಿದುಕೊಳ್ಳುವ ಆಟವಲ್ಲ. ಚೆಂಡು ಹಿಡಿದು ಓಡುವವರ ಸೊಂಟದಿಂದ ಬಟ್ಟೆಪಟ್ಟಿ ಕಿತ್ತರೆ ಸಾಕು ಎನ್ನುವ ಫ್ಲ್ಯಾಗ್ ಫುಟ್‌ಬಾಲ್. ಅವರ ಹತ್ತಿರ ಸರಿಯಾದ ಚೆಂಡೂ ಇರಲಿಲ್ಲ. ಧನಪಾಲನ ಹೆಂಡತಿ ಕೋಮಲಾ ಹಳೇ ಪ್ಯಾಂಟಿಗೆ ಹತ್ತಿ ತುಂಬಿ ಹೊಲಿದುಕೊಟ್ಟ, ಬಲಿತ ಬದನೆಕಾಯಿಯಂಥ ಗಂಟೇ ಅವರ ಚೆಂಡು. ಹೀಗಿರುವಾಗ ಬೆಂಗಳೂರಿನ ಫ್ಲ್ಯಾಗ್ ಫುಟ್‌ಬಾಲ್ ಸಂಘದವರು ಫೋನ್ ಮಾಡಿ, “ಅಮೆರಿಕದಿಂದ ಕೋಚ್ ಮೆಕ್ಕೇ ಬಂದಿದ್ದಾರೆ. ಒಂದು ದಿನ ನಿಮ್ಮಲ್ಲಿಗೆ ಬರ್ತಾರೆ. ಚೆಂಡು ತರ್ತಾರೆ. ಅವರು ಮೆಚ್ಚಿದರೆ ನಿಮ್ಮ ತಂಡ ಬೆಂಗಳೂರಿನ ಶಿಬಿರಕ್ಕೆ” ಎಂದಿದ್ದರು. ಅವತ್ತಿನಿಂದ ಧನಪಾಲನ ಕಾಲು ನೆಲದ ಮೇಲೆ ನಿಂತಿರಲಿಲ್ಲ.

“ತೆನೆ ಇದ್ರೆ ಇರ್ಲಿ ಬಿಡೋ, ಲಕ್ಷಣವಾಗೈತೆ” ಎಂದು ಪಕ್ಕದ ಮನೆಯ ಪಂಚಾಕ್ಷರಪ್ಪ ಫ್ಲೆಕ್ಸ್ ಸುತ್ತಿ ತಮ್ಮ ಕಾರಿಗೆ ಹಾಕಿಕೊಂಡರು. ಅವರು ನಿವೃತ್ತ ಪೋಸ್ಟ್ ಮಾಸ್ಟರ್. ಮೂರು ತಾಲ್ಲೂಕಿನ ಜನರ ಪರಿಚಯವಿತ್ತು, ಎಲ್ಲರ ವಿಷಯದಲ್ಲೂ ಅಭಿಪ್ರಾಯವಿತ್ತು.

ಕಡೂರು ಸ್ಟೇಷನ್ನಿನಲ್ಲಿ ರೈಲು ನಿಂತಿತು. ಮೊದಲು ಇಳಿದವನು ಬೀರುವಿನಂಥ ಒಬ್ಬ ಬಿಳಿಯ. ಧನಪಾಲ್ ಮುಂದೆ ನುಗ್ಗುವಷ್ಟರಲ್ಲಿ ತರೀಕೆರೆಯ ರೈತರ ಗುಂಪೊಂದು ಅವನಿಗೆ ಹಾರ ಹಾಕಿ ಜೀಪಿಗೆ ಹತ್ತಿಸಿಬಿಟ್ಟಿತು. “ಅವ್ರು ನಮ್ ರೈತಸಂಘದ ತಿಮ್ಮರಾಯಪ್ಪನ ಕಡೆಯೋರು. ಯಾರೋ ಬೆಳೆ ವಿಜ್ಞಾನಿ ಬತ್ತಾರೆ ಅಂತಿದ್ರು” ಎಂದರು ಪಂಚಾಕ್ಷರಪ್ಪ. ಅಷ್ಟರಲ್ಲಿ ದೊಡ್ಡ ಚೀಲ ಹೊತ್ತ, ನರೆಗೂದಲಿನ ಒಬ್ಬ ಹೆಂಗಸು ಫ್ಲೆಕ್ಸಿನ ಎದುರು ನಿಂತು, ತೆನೆಯನ್ನು ಬೆರಳಿಂದ ತೋರಿಸಿ ಗಟ್ಟಿಯಾಗಿ ನಕ್ಕಳು.

“ಮೆಕ್ಕೇ?” ಎಂದ ಧನಪಾಲ್.

“ಮೆಕ್ಕೇ!” ಎಂದಳು ಆಕೆ.

ಕೋಚ್ ಹೆಂಗಸು ಎಂದು ಯಾರೂ ಹೇಳಿರಲಿಲ್ಲ. ಗಂಡಸು ಎಂದೂ ಹೇಳಿರಲಿಲ್ಲ. ಧನಪಾಲ್ ಕೈಮುಗಿದು ಕಾರಿಗೆ ಕೂರಿಸಿದ.

ಬೀರೂರು ದಾಟಿದ ಮೇಲೆ ಶುರುವಾಯಿತು. ರಸ್ತೆಯ ಪಕ್ಕ ಮೆಕ್ಕೆಜೋಳ ಕಂಡಲ್ಲೆಲ್ಲ ಆಕೆ “ನಿಲ್ಲಿಸಿ!” ಎನ್ನುತ್ತಾಳೆ, ಹೊಲಕ್ಕೆ ಇಳಿಯುತ್ತಾಳೆ, ಗರಿ ಸವರುತ್ತಾಳೆ, ತೆನೆ ಹಿಡಿದು ತೂಗುತ್ತಾಳೆ. ಬೇರೆಯವರ ಹೊಲ ಎಂಬ ಸಂಕೋಚವೂ ಇಲ್ಲ. ತವರಿಗೆ ಬಂದ ಮಗಳ ಹಾಗೆ.

“ಲೇ ಧನಪಾಲ, ಈ ಯಮ್ಮಂಗೆ ಚೆಂಡಿಗಿಂತ ಜೋಳದ ಮೇಲೇ ಕಣ್ಣು ಕಣೋ” ಎಂದು ಪಂಚಾಕ್ಷರಪ್ಪ ಪಿಸುಗುಟ್ಟಿದರು.

ಧನಪಾಲ್ ಆಕೆಯತ್ತ ತಿರುಗಿದ. ತನಗೆ ಬರುವಷ್ಟು ಇಂಗ್ಲಿಷಿನಲ್ಲಿ ಮೆಲ್ಲಗೆ, “ಮೇಡಂ, ಫುಟ್‌ಬಾಲಿನಲ್ಲಿ ಮೆಕ್ಕೇ ಅಂದರೆ…” ಎಂದು ಶುರುಮಾಡಿದ.

ಆಕೆ ನಕ್ಕಳು. “ಅಯ್ಯೋ, ನಮ್ಮ ಕಡೆ ಫುಟ್‌ಬಾಲಿನಲ್ಲಿ ಎಲ್ಲರೂ ಮೆಕ್ಕೇಗಳೇ! ನಮ್ಮೂರಿನ ಮೈದಾನದ ಹೆಸರು ಮೆಕ್ಕೇ ಫೀಲ್ಡ್. ಅದರ ಮುಂದಿನ ರಸ್ತೆ ಮೆಕ್ಕೇ ರಸ್ತೆ. ಚೆಂಡು ಎಸೆಯುವವನು ಒಬ್ಬ ಮೆಕ್ಕೇ, ಹಿಡಿಯುವವನು ಇನ್ನೊಬ್ಬ. ಯಾವ ಕಾಲದಲ್ಲೋ ಸ್ಕಾಟ್ಲೆಂಡಿನಿಂದ ಬಂದ ಹೆಸರು. ಒಬ್ಬರಿಗೊಬ್ಬರು ನೆಂಟರೂ ಅಲ್ಲ.”

“ನಮ್ಮಲ್ಲಿ ಮನೆಗೊಬ್ಬ ರಂಗಪ್ಪ ಇದ್ದಂಗೆ” ಎಂದು ಪಂಚಾಕ್ಷರಪ್ಪ ತಲೆದೂಗಿದರು.

“ಹಾಗಾದರೆ ಕೋಚ್ ಮೆಕ್ಕೇ?” ಎಂದ ಧನಪಾಲ್.

“ಓ, ಆತನೇ? ಆತ ಬೇರೆ. ಬಾಗಿಲಿನಲ್ಲಿ ಹಿಡಿಸದಷ್ಟು ದೊಡ್ಡ ಆಸಾಮಿ. ಗಂಟಲು ಅದಕ್ಕಿಂತ ದೊಡ್ಡದು!”

ಧನಪಾಲನ ಕಣ್ಣೆದುರು ಬೀರು ನಡೆದು ಬಂತು. ಆಕೆ ಇನ್ನೂ ಏನೋ ಹೇಳುತ್ತಿದ್ದಳು. ಇವನ ಕಿವಿಗೆ ಏನೂ ಬೀಳಲಿಲ್ಲ. ಗಡಬಡಿಸಿ ಪಂಚಾಕ್ಷರಪ್ಪನವರಿಂದ ತಿಮ್ಮರಾಯಪ್ಪನವರಿಗೆ ಫೋನ್ ಹಚ್ಚಿಸಿದ.

“ನಿಮ್ಮ ಅತಿಥಿ ಹೆಸ್ರೇನು ಸಾರ್?”

“ಮೆಕ್ಕೇ ಕಣ್ರೀ. ಭಾಳ ದೊಡ್ ಮನುಷ್ಯ. ಹುಳ ಬಿದ್ದ ತೆನೆ ಕಿತ್ತು ಎಸೆದ್ರೆ ಬದು ದಾಟಿ ಆಚೆ ಹೊಲಕ್ಕೆ ಬೀಳ್ತೈತೆ!”

“ಸಾರ್, ಅವ್ರು ವಿಜ್ಞಾನಿ ಅಲ್ಲ, ನಮ್ ಕೋಚು! ನಿಮ್ ವಿಜ್ಞಾನಿ ನಮ್ ಕಾರಲ್ಲಿದಾರೆ. ಅದ್ಲುಬದ್ಲಾಗ್ಬಿಟ್ಟೈತೆ. ಅಲ್ಲೇ ಇರಿ, ಬಂದೆ!”

ಕಾರು ತರೀಕೆರೆಯತ್ತ ತಿರುಗಿತು. ಊರಾಚೆಯ ಹೊಲದಲ್ಲಿ ತಿಮ್ಮರಾಯಪ್ಪನವರ ಮಹಿಳಾ ಸಂಘದವರು ಸಾಲಾಗಿ ಆರತಿ ತಟ್ಟೆ ಹಿಡಿದು ನಿಂತಿದ್ದರು. “ಬನ್ನಿ ಮೇಡಂ, ಫೀಲ್ಡ್ ರೆಡಿ” ಎಂದರು ತಿಮ್ಮರಾಯಪ್ಪ. ಆಕೆ ಖುಷಿಯಿಂದ ಚೀಲ ಹೆಗಲಿಗೇರಿಸಿ ಇಳಿದಳು. ಧನಪಾಲ್ ಬೀರುವಿನ ಬಳಿ ಹೋಗಿ, “ನಮ್ಮ ಫೀಲ್ಡಿಗೆ ಹೋಗೋಣವೇ?” ಎಂದ. “ಇನ್ನೊಂದು ಫೀಲ್ಡ್? ನಡೆಯಿರಿ” ಎಂದು ಅವನು ಬಂದು ಕೂತ. ಕಾರು ಒಂದು ಕಡೆಗೆ ವಾಲಿತು.

ಅಜ್ಜಂಪುರದ ಮೈದಾನದಲ್ಲಿ ಹುಡುಗಿಯರು ಬೆಳಗಿನಿಂದ ಕಾದು ಬಾಡಿದ್ದರು. ಶಾಲೆಯ ಕಮಿಟಿ ಅಧ್ಯಕ್ಷ ಸೋಮಶೇಖರಪ್ಪನವರು ಕೈಯಲ್ಲಿದ್ದ ಹಾರವನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿ ಸುಸ್ತಾಗಿದ್ದರು. ಅತಿಥಿ ಹಾರ ಹಾಕಿಸಿಕೊಂಡು, ನೇರವಾಗಿ ಮೈದಾನದ ನಡುವೆ ಹೋಗಿ ಕುಕ್ಕರಗಾಲಲ್ಲಿ ಕೂತು, ಮಣ್ಣು ಕೆರೆದು ಮೂಸಿದ.

“ನೆಲ ಪರೀಕ್ಷೆ ಮಾಡ್ತಾವ್ರೆ, ಭಾಳ ಸೀನಿಯರ್ರು” ಎಂದಳು ತಂಡದ ನಾಯಕಿ ಕೃತಿಕಾ.

ಅತಿಥಿ ಎದ್ದು ಬೇಸರದಿಂದ ತಲೆಯಾಡಿಸಿದ. “ಇಲ್ಲಿ ಜೋಳವಿರಲಿ, ಹುಲ್ಲೂ ಬೆಳೆಯುವುದಿಲ್ಲ. ಬೆಳೆ ಎಲ್ಲಿದೆ?”

ಧನಪಾಲ್ ಅಲ್ಲೇ ಕುಸಿದು ಕೂತ. ಈತನ ಹೆಸರೂ ಮೆಕ್ಕೇ, ಆದರೆ ಈತನೇ ವಿಜ್ಞಾನಿ! ಆಕೆ ಹೇಳಿದ್ದು ಅವರೂರಿನ ಇನ್ನೊಬ್ಬ ಯಾರೋ ಕೋಚ್ ಮೆಕ್ಕೇ ವಿಷಯವಿರಬೇಕು. ಕೈಗೆ ಸಿಕ್ಕಿದ್ದ ಕೋಚನ್ನು ಚೆಂಡಿನ ಚೀಲದ ಸಮೇತ ತಾನೇ ಒಯ್ದು ಜೋಳದ ಹೊಲದಲ್ಲಿ ಇಳಿಸಿ ಬಂದಿದ್ದ.

ತಿಮ್ಮರಾಯಪ್ಪನವರಿಗೆ ಫೋನ್ ಹಚ್ಚಿದರೆ ಎತ್ತುವವರಿಲ್ಲ. ಪಂಚಾಕ್ಷರಪ್ಪನವರ ಕಾರು ಸ್ಟಾರ್ಟ್ ಆಗದೆ ಮುನಿಸಿಕೊಂಡಿತ್ತು. ಅತಿಥಿಗೆ ವಿಷಯ ಗೊತ್ತಾಗಿ ಹೊಟ್ಟೆ ಹಿಡಿದು ನಕ್ಕ. ಕಾಲೇಜಿನಲ್ಲಿದ್ದಾಗ ಸ್ವಲ್ಪ ಆಡಿದ್ದನಂತೆ. ಕೋಮಲಾ ಹೊಲಿದ ಗಂಟನ್ನು ಹಿಡಿದು ಹುಡುಗಿಯರ ಜೊತೆ ಸಂಜೆಯವರೆಗೂ ಓಡಿದ, ಎಸೆದ, ಬಿದ್ದ. ಆಮೇಲೆ ಸೋಮಶೇಖರಪ್ಪನವರ ಹೊಲದ ಹುಳಕ್ಕೆ ಔಷಧಿಯನ್ನೂ ಹೇಳಿದ. ಅಧ್ಯಕ್ಷರು ಧನಪಾಲನ ಎರಡೂ ಕೈ ಹಿಡಿದುಕೊಂಡು, “ಎಂಥ ಕೋಚನ್ನ ಕರ್ಕಂಡ್ ಬಂದ್ರಿ ಮೇಷ್ಟ್ರೇ! ಬೆಳೆ ಉಳೀತು” ಎಂದರು.

ಹೊತ್ತು ಮುಳುಗುವ ಮುಂಚೆ ತಿಮ್ಮರಾಯಪ್ಪನವರ ಫೋನ್ ಬಂತು. ಧನಪಾಲ್ ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದ. ಮಾತಾಡಿದವಳು ಆಕೆ, ಕೋಚ್ ಮೆಕ್ಕೇ. ರೈಲಿಗೆ ಹೊರಟಿದ್ದಳು. “ಧನಪಾಲ್, ನಿಮಗೆ ಹೇಗೆ ಕೃತಜ್ಞತೆ ಹೇಳಲಿ! ನಾನು ಜೋಳ ಬೆಳೆಯುವವರ ಮನೆಯಲ್ಲಿ ಹುಟ್ಟಿದವಳು. ದಾರಿಯುದ್ದಕ್ಕೂ ಹೊಲ ತೋರಿಸಿದಿರಿ, ಹೊಲದ ನಡುವೆಯೇ ಆಟ ಇಟ್ಟಿದ್ದಿರಿ. ನಿಮ್ಮ ತಂಡದವರ ವಯಸ್ಸು ಸ್ವಲ್ಪ ಹೆಚ್ಚೆನಿಸಿತು. ಇರಲಿ, ಶಿಬಿರಕ್ಕೆ ವಯಸ್ಸಿನ ಮಿತಿ ಇಲ್ಲ. ಎಂಥ ತೋಳುಗಳು! ಎಲ್ಲರನ್ನೂ ಆರಿಸಿದ್ದೇನೆ. ಚೆಂಡುಗಳನ್ನು ಅವರಿಗೇ ಕೊಟ್ಟಿದ್ದೇನೆ. ನಾಯಕಿ ಭಾಗಮ್ಮ.”

“ಮೇಡಂ, ಒಂದ್ನಿಮಿಷ, ಅವರು ನನ್ನ ತಂಡ…”

“ನಿಮ್ಮ ತಂಡ, ಗೊತ್ತು! ಒಳ್ಳೆಯ ಗುರು ನೀವು!” ಫೋನ್ ಕೈ ಬದಲಾಯಿತು.

“ಭಾಗಮ್ಮ ಅಂದ್ರಾ?” ಕೃತಿಕಾ ಕಣ್ಣರಳಿಸಿದಳು. “ತರೀಕೆರೆ ಭಾಗಮ್ಮ ನಮ್ಮಜ್ಜಿ ಕಣ್ ಸಾರ್!”

ಫೋನಿನಲ್ಲಿ ಈಗ ಆ ಅಜ್ಜಿಯದೇ ದನಿ. “ಮೇಷ್ಟ್ರೇ, ನಮಸ್ಕಾರ ಕಣಪ್ಪಾ. ಹುಡುಗಿಯಾಗಿದ್ದಾಗಿಂದ ಹೊಲದಾಗೆ ಕಲ್ ಎಸೆದು ಹಕ್ಕಿ ಓಡ್ಸಿದೀನಿ. ಒಬ್ರೂ ಚಪ್ಪಾಳೆ ತಟ್ಟಿರ್ಲಿಲ್ಲ. ಇವತ್ತು ಆ ಯಮ್ಮ ತಟ್ಟುದ್ರು. ಎಲ್ಲಾ ನಿಮ್ಮಿಂದ. ನಿಮ್ ಉಪಕಾರ ಸಾಯೋಗಂಟ ಮರೆಯಾಕಿಲ್ಲ.”

ಧನಪಾಲ್ ತನ್ನ ಹುಡುಗಿಯರತ್ತ ನೋಡಿದ. ಕೃತಿಕಾ ಕೈಮುಗಿದು, “ನಮ್ಮಜ್ಜಿಗೆ ಇಲ್ಲ ಅನ್ಬೇಡಿ ಸಾರ್, ನಾವು ಇನ್ನೊಂದ್ ಸಲಿ ಹೋಯ್ತೀವಿ” ಎಂದಳು. ಧನಪಾಲ್ ಫೋನಿಗೆ ಹೇಳಿದ, “ಆಯ್ತು ಅಜ್ಜಿ, ನಾನೇ ಕರ್ಕೊಂಡ್ ಹೋಗ್ತೀನಿ.”

“ನಿಮ್ ಹೊಟ್ಟೆ ತಣ್ಣಗಿರ್ಲಿ” ಎಂದರು ಭಾಗಮ್ಮ. ಆಮೇಲೆ ದನಿ ತಗ್ಗಿಸಿ ಕೇಳಿದರು: “ಅಲ್ಲಾ ಮೇಷ್ಟ್ರೇ, ಬೆಂಗ್ಳೂರಾಗೆ ಸೀರೇಲಿ ಆಡಾಕೆ ಬಿಡ್ತಾರಾ, ಇಲ್ಲ ನಾವೂ ಚಡ್ಡೀನೇ ಹಾಕ್ಕಬೇಕಾ?”