ಬದುಕಿದ್ದ ಅಜ್ಜಿಗೆ ಗಂಧದ ಹಾರ

ಬದುಕಿರುವ ನಮ್ಮಜ್ಜಿಯ ಫೋಟೋಗೆ ಗಂಧದ ಹಾರ ಬಿದ್ದದ್ದು ನನ್ನಿಂದ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಬೈಯುವ ಶ್ರಮ ನಿಮಗೆ ಬೇಡ. ಹಾಕಿದ ಕೈ ಮಾತ್ರ ಇಟಲಿಯದು!

ಆ ಕೈಗಳದ್ದೇ ಒಂದು ಕಥೆ. ಜಡಿಗೇನಹಳ್ಳಿಯ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಈ ಇಟಲಿ ಫೋಟೋಗ್ರಾಫರ್ ಸಾಹೇಬರು ಬಾಯಲ್ಲಿ ಆಡುವುದು ಕಾಲು ಭಾಗ, ಕೈಯಲ್ಲಿ ಮುಕ್ಕಾಲು. ಕೈ ಕಟ್ಟಿಹಾಕಿದರೆ ಮೂಗರು! ಹೊಸಕೋಟೆ ಬಸ್ಸಿನಲ್ಲಿ ಅವರ ಪಕ್ಕ ಕೂತು ಏಟು ತಿನ್ನದೆ ಇಳಿದವರಿಲ್ಲ. ಕಟಿಂಗ್ ಶಾಪಿನಲ್ಲಿ ಅವರ ಮಿಮಿಕ್ರಿ ಮಾಡಲು ಹೋಗಿ ನಾನೇ ಪೌಡರ್ ಡಬ್ಬಿ ಉರುಳಿಸಿ ಬೆಳ್ಳಗಾಗಿದ್ದೇನೆ.

ಮಿಲಾನಿನಲ್ಲಿ ಇಪ್ಪತ್ತು ವರ್ಷ ಫ್ಯಾಷನ್ ಪತ್ರಿಕೆಗಳಿಗೆ ಫೋಟೋ ತೆಗೆದವರು. ಒಂದು ದಿನ ಸಾಕೆನಿಸಿ, ಹಳೇ ರೀಲ್ ಕ್ಯಾಮೆರಾ ಹೆಗಲಿಗೇರಿಸಿ ಹೊರಟು ನಮ್ಮೂರಿಗೆ ಬಂದು ಬಿದ್ದರು. ಈಗ ದಿನಕ್ಕೆ ಒಂದೇ ಫೋಟೋ! ಅದೂ ಖಾತ್ರಿಯಿಲ್ಲ. ಪಿಲ್ಲಗುಂಪೆಯ ಫ್ಯಾಕ್ಟರಿ ಗೇಟಿನೆದುರು ಬೆಳಿಗ್ಗೆಯಿಂದ ಕಾದು, ಶಿಫ್ಟ್ ಬಿಟ್ಟಾಗ ಕ್ಯಾಮೆರಾ ಎತ್ತಿ, "ಬೆಳಕು ಸರಿ ಇಲ್ಲ" ಎಂದು ಇಳಿಸಿ ವಾಪಸ್ ಬಂದ ಪುಣ್ಯಾತ್ಮರು.

"ಇಂಥೋರು ನನ್ ಮದ್ವೆಗೆ ಬಂದಿದ್ರೆ ತಾಳಿ ಕಟ್ಟೋಕೆ ಮೂರು ದಿನ ಆಗ್ತಿತ್ತು ಕಣೋ" ಎಂದರು ದೊಡ್ಡಪ್ಪ.

ಅಜ್ಜಿಯಂತೂ ಆಧಾರ್ ಕಾರ್ಡಿನ ತನ್ನ ಫೋಟೋ ನೋಡಿ "ಇವ್ಳ್ಯಾವ ಕಳ್ಳೀನಪ್ಪಾ?" ಎಂದವಳು. ಅಂಥವಳು ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಾ ಸಾಹೇಬರಿಗೆ ಎಂಟು ದಿನ ಕೂತಳು. ಎಂಟನೆಯ ದಿನ ಒಂದೇ ಕ್ಲಿಕ್! ಕಪ್ಪುಬಿಳುಪಿನಲ್ಲಿ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ತಂದು ನನ್ನನ್ನು ಕೇಳಿದರು:

"ದೊಡ್ಡವರ ಫೋಟೋಗೆ ಇಲ್ಲಿ ಗೌರವ ಹೇಗೆ?"

ನಾಲಿಗೆ ಸುಮ್ಮನಿರಬೇಕಲ್ಲ! "ಗಂಧದ ಹಾರ, ಸಾರ್" ಎಂದೆ. ಆ ಹಾರ ಸತ್ತವರ ಪಟಕ್ಕೆ ಮಾತ್ರ ಎಂದು ಮಿಲಾನಿನವರಿಗೆ ಹೇಗೆ ಗೊತ್ತಿರಬೇಕು?

ಮರುದಿನ ಗ್ಯಾಸ್ ತಂದವನು ಸಿಲಿಂಡರ್ ಇಳಿಸಿ, ಗೋಡೆಯಲ್ಲಿ ಹಾರ ಹೊತ್ತ ಪಟ ನೋಡಿ ಕೈಮುಗಿದ. "ಅಯ್ಯೋ, ಯಾವಾಗ ಹೋಗ್ಬಿಟ್ರು ಅಜ್ಜಿ?"

"ಎಲ್ಲಿಗ್ಲಾ ಹೋಗ್ಲಿ?" ಎಂದಳು ಬೆನ್ನ ಹಿಂದೆ ಅಜ್ಜಿ.

ಖಾಲಿ ಸಿಲಿಂಡರ್ ಮರೆತು ಓಡಿದ!

ದೊಡ್ಡಪ್ಪ ಕೆಂಡವಾದರು. "ಬದುಕಿರೋ ನಮ್ಮವ್ವಂಗೆ ಹಾರವಾ? ಸಂಜೆಯೊಳ್ಗೆ ಮಹಡಿ ಖಾಲಿ ಮಾಡ್ಸು!"

"ದೊಡ್ಡಪ್ಪ, ಹೇಳ್ಕೊಟ್ಟಿದ್ದು ನಾನೇ."

"ಹಂಗಾದ್ರೆ ನೀನೂ ಹೋಗು ಇಟಲಿಗೆ!"

ಸಾಹೇಬರು ಬ್ಯಾಗ್ ಹಿಡಿದು ಕೆಳಗಿಳಿದರು. ಆ ಕೈಗಳು ಮೊದಲ ಸಲ ಸುಮ್ಮನಿದ್ದವು. ಅಜ್ಜಿಯ ಮುಂದೆ ಕೂತು, ಪರ್ಸಿನಿಂದ ಸ್ಟಾಂಪಿನಷ್ಟು ಚಿತ್ರವೊಂದನ್ನು ತೆಗೆದು ತೋರಿಸಿದರು.

"ನನ್ನ ಅಮ್ಮ."

"ನೀನೇ ತೆಗ್ದಿದ್ದೇನಪ್ಪಾ?"

"ಇಲ್ಲ. ಯಾವುದೋ ಗುರುತಿನ ಕಾರ್ಡಿನದು. ನಾನು ಒಂದೂ ತೆಗೆಯಲಿಲ್ಲ ಅಜ್ಜಿ. ಟೈಮ್ ಇಲ್ಲ, ಟೈಮ್ ಇಲ್ಲ ಅಂದೆ. ಅಮ್ಮ ಹೋದಳು."

ಮಿಮಿಕ್ರಿಯಲ್ಲಿ ಊರಿನವರೆಲ್ಲರ ದನಿ ನನಗೆ ಬರುತ್ತದೆ. ಸಾಹೇಬರ ಆ ದನಿ ಮಾತ್ರ ಇವತ್ತಿಗೂ ಬಂದಿಲ್ಲ.

ಅಜ್ಜಿ ಎದ್ದು, ತನ್ನ ಪಟದ ಹಾರ ಬಿಚ್ಚಿ ಅವರ ಕೈಗಿಟ್ಟಳು. ದೊಡ್ಡಪ್ಪ ಬಾಯಿ ತೆರೆಯುವ ಮೊದಲೇ ಹೇಳಿದಳು:

"ತಗೋ, ಇದು ನಿಮ್ಮವ್ವಂಗೆ ಹಾಕು. ನಂಗಿನ್ನೂ ಟೈಮೈತೆ. ಬ್ಯಾಗು ಮೇಲಿಟ್ಟು ಬಾ, ಅವರೆಕಾಯಿ ಸುಲಿಯೋದೈತೆ."