ಚೆಂಡು ಕಟ್ಟಿಕೊಂಡ ತಂಗಿ

ಕಾರ್ಕಳದ ಕಾಲೇಜಿನವರು ಕೈಮುಗಿದು ಕರೆದರು, ಅದಕ್ಕೇ ನನ್ನ ತಂಗಿ ಹೋದಳು ಎಂದು ಕಾಪುವಿನಲ್ಲಿ ಎಲ್ಲರೂ ಹೇಳುತ್ತಾರೆ. ಸುಳ್ಳು. ಅವಳನ್ನು ಮನೆಯಿಂದ ಓಡಿಸಿದ್ದು ನನ್ನ ಬಾಯಿ. ಅರವತ್ತು ದಾಟಿದವಳನ್ನು ಎಪ್ಪತ್ತು ದಾಟಿದವಳು ಓಡಿಸಿದ್ದು. ಇದರಲ್ಲಿ ಹೆಮ್ಮೆಪಡುವಂಥದ್ದು ಏನೂ ಇಲ್ಲ.

ನಾನು ಓದಿದ್ದು ಐದನೇ ಕ್ಲಾಸು. ಅವಳು ಎಷ್ಟು ಓದಿದ್ದಾಳೆಂದು ಎಣಿಸಲು ನನಗೆ ಬರುವುದಿಲ್ಲ. ಅಷ್ಟು ಓದಿ ಮಾಡಿದ್ದೇನು? ಉಡುಪಿಯ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಮೂವತ್ತು ವರ್ಷ ಬಾಸ್ಕೆಟ್‌ಬಾಲ್ ಕೋಚ್! ತಳವಿಲ್ಲದ ಬುಟ್ಟಿಗೆ ಚೆಂಡು ಹಾಕಿಸುವುದು, ಅದು ಕೆಳಗೆ ಬಿದ್ದರೆ ಚಪ್ಪಾಳೆ ತಟ್ಟುವುದು. ತಳವೇ ಇಲ್ಲದ ಮೇಲೆ ಬೀಳದೆ ಇನ್ನೇನು ಮಾಡೀತು ಸ್ವಾಮಿ? ಮದುವೆಯನ್ನೂ ಆಗಲಿಲ್ಲ. ಪುರುಸೊತ್ತಾಗಲಿಲ್ಲವಂತೆ! ನನ್ನ ಜೊತೆಯೇ ಇದ್ದು, ದಿನಾ ಬೆಳಿಗ್ಗೆ ಆರಕ್ಕೆ ಉಡುಪಿ ಬಸ್ಸು ಹಿಡಿಯುತ್ತಿದ್ದಳು.

ಅವಳನ್ನು ಮದುವೆ ಮನೆಗೆ ಕರೆದುಕೊಂಡು ಹೋಗುವುದೇ ಒಂದು ಫಜೀತಿ. ಎಲ್ಲರೂ ಮದುಮಗಳ ಸರ ನೋಡುತ್ತಿದ್ದರೆ ಇವಳ ಕಣ್ಣು ಜನರ ತಲೆಗಳ ಮೇಲೆ. ಗುಂಪಿನಲ್ಲಿ ಒಂದು ಹುಡುಗಿಯ ತಲೆ ಎತ್ತರದಲ್ಲಿ ಕಂಡಿತೋ, ಮುಗಿಯಿತು! ಹಾಗೆ ಕಂಡ ಪರ್ಕಳದ ಒಬ್ಬಳ ಮನೆಗೆ ನನ್ನನ್ನೂ ಎಳೆದುಕೊಂಡು ಹೋದಳು. ಇಬ್ಬರು ಹೆಂಗಸರು ಒಳ್ಳೆಯ ಸೀರೆ ಉಟ್ಟು, ಮಲ್ಲಿಗೆ ಮುಡಿದು ಬಂದು, "ನಿಮ್ಮ ಮಗಳನ್ನು ಮದುವೆಯಲ್ಲಿ ನೋಡಿದೆವು" ಎಂದರೆ ಆ ತಾಯಿಯಾದರೂ ಏನು ತಿಳಿಯಬೇಕು? ಶರಬತ್ತು ಬಂತು. ಬಿಸಿ ಗೋಳಿಬಜೆ ಬಂತು. ಹುಡುಗಿ ಸೀರೆ ಉಟ್ಟು, ತಲೆ ತಗ್ಗಿಸಿ ಬಂದಳು.

ಇವಳು, "ತಲೆ ಎತ್ತು ಮಗ. ಅಲ್ಲಿಂದ ಹಾರಿ ಆ ಬಾಗಿಲಿನ ಮೇಲಿನ ಪಟ್ಟಿ ಮುಟ್ಟು, ನೋಡುವ" ಎಂದಳು.

ಹುಡುಗಿ ನೆರಿಗೆ ಎತ್ತಿ ಹಾರಿ ಮುಟ್ಟಿಯೇ ಬಿಟ್ಟಳು!

ತಾಯಿ ಮೆಲ್ಲಗೆ ನನ್ನ ಕಿವಿಯ ಹತ್ತಿರ ಬಂದು, "ಈಗ ಹುಡುಗನ ಕಡೆಯವರು ಇದನ್ನೂ ನೋಡ್ತಾರಾ ಅಕ್ಕ?" ಎಂದು ಕೇಳಿದಳು.

ತಾಯಿ ಜಾತಕ ತಂದಿಟ್ಟಳು, ಇವಳು ಚೀಲದಿಂದ ಕಾಲೇಜಿನ ಅರ್ಜಿ ತೆಗೆದಳು. ಹುಡುಗಿ ಮೂರು ವರ್ಷ ಆಡಿದಳು. ಗೋಳಿಬಜೆ ಮಾತ್ರ ನಾನು ಮುಖ ಮುಚ್ಚಿಕೊಂಡು ತಿಂದೆ.

ಇನ್ನೊಂದು ಸಲ ಕೃಷ್ಣಾಷ್ಟಮಿಯ ದಿನವೇ ಮಣಿಪಾಲದಲ್ಲಿ ಮ್ಯಾಚು ಬಿತ್ತು. ಉಡುಪಿಯ ಹುಡುಗಿಯರು ಅಷ್ಟಮಿಗೆ ಉಪವಾಸ ಬಿಡುತ್ತಾರಾ? ಹನ್ನೆರಡು ಜನವೂ ಬಾಡಿದ ಬಸಳೆಯ ಹಾಗೆ ನಿಂತಿದ್ದರಂತೆ. ಇವಳು ಹೋಟೆಲಿಗೆ ಕರೆದುಕೊಂಡು ಹೋಗಿ ಎಲ್ಲರಿಗೂ ಇಡ್ಲಿ ತಿನ್ನಿಸಿದಳು. ಮನೆಗೆ ಬಂದಾಗ ನಾನು ಬಿಡಲಿಲ್ಲ.

"ಅಲ್ಲ ಮಾರಾಯ್ತಿ, ಇದರ ಪಾಪ ಯಾರಿಗೆ?"

"ಪಾಪ ನನಗೆ, ಪಾಯಿಂಟು ಕಾಲೇಜಿಗೆ" ಎಂದು ಸ್ನಾನಕ್ಕೆ ಹೋದಳು.

ಪಾಯಿಂಟೂ ಸಿಕ್ಕಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು.

ನಿವೃತ್ತಿಯ ದಿನ ಕಾಲೇಜಿನವರು ಒಂದು ಶಾಲು, ಒಂದು ಹಣ್ಣಿನ ಬುಟ್ಟಿ ಕೊಟ್ಟು ಕಳಿಸಿದರು. ಮನೆಗೆ ಬಂದವಳು ಸುಮ್ಮನೆ ಕೂರುತ್ತಾಳಾ? ಅಂಗಳದ ತೆಂಗಿನ ಮರಕ್ಕೆ ಕಬ್ಬಿಣದ ಬಳೆ ಹೊಡೆಸಿದಳು. ನನ್ನ ಮೊಮ್ಮಗಳನ್ನು ಓಡಿಸಿದಳು. ಸೊಸೆಯನ್ನು ಓಡಿಸಿದಳು. ಹಾಲಿನವನನ್ನೂ ಒಂದು ದಿನ ಹಾರಿಸಿದಳು! ಕೊನೆಗೊಂದು ಮಧ್ಯಾಹ್ನ ಚೆಂಡು ಬಂದು ನನ್ನ ಹಲಸಿನ ಹಪ್ಪಳದ ಚಾಪೆಯ ಮೇಲೆ ಬಿತ್ತು. ಎರಡು ದಿನ ಸೊಂಟ ಮುರಿದು ಒತ್ತಿದ ಹಪ್ಪಳ! ನನ್ನ ಬಾಯಿಗೆ ಬಂತು, ಹೇಳಿಬಿಟ್ಟೆ: "ಸಾಕು ಮಾಡು ಇನ್ನು. ಕೊಟ್ಟ ಶಾಲು ಹೊದ್ದು ಒಂದು ಮೂಲೆಯಲ್ಲಿ ಕೂತ್ಕೊ. ಮುದುಕಿಯಾದ ಮೇಲೆ ನಿನ್ನನ್ನು ಯಾರು ಕೇಳ್ತಾರೆ?"

ಯಾವ ಮಾತಿಗೂ ಎದುರು ಮಾತಾಡುವವಳು ಆ ದಿನ ಮಣ್ಣು ಹತ್ತಿದ ಹಪ್ಪಳಗಳನ್ನು ಒಂದೊಂದಾಗಿ ಹೆಕ್ಕಿದಳು. ವಾರ ಕಳೆಯುವುದರೊಳಗೆ ಕಾರ್ಕಳದ ಕಾಲೇಜಿನಲ್ಲಿ ಕೆಲಸ ಹಿಡಿದು, ಅಲ್ಲೇ ಒಂದು ಕೋಣೆ ಮಾಡಿಕೊಂಡಳು.

ನಾಲ್ಕು ತಿಂಗಳಾಯಿತು. ಹಪ್ಪಳ ಈಗ ಎಷ್ಟು ಬೇಕಾದರೂ ಒಣಗಿಸಬಹುದು, ಯಾರ ಚೆಂಡೂ ಬೀಳುವುದಿಲ್ಲ. ನಾನು ಒಣಗಿಸಲಿಲ್ಲ. ಮನೆಯಲ್ಲಿ ಮಗ ಇದ್ದಾನೆ, ಸೊಸೆ ಇದ್ದಾಳೆ, ಮೊಮ್ಮಗಳು ಇದ್ದಾಳೆ. ಆದರೂ ಬೆಳಿಗ್ಗೆ ಐದಕ್ಕೆ ಎದ್ದು ಎರಡು ಲೋಟ ಚಹಾ ಮಾಡುತ್ತೇನೆ. ಎರಡನ್ನೂ ನಾನೇ ಕುಡಿಯುತ್ತೇನೆ, ದಂಡ ಮಾಡುವುದು ಯಾಕೆ? ಸಂಜೆ ಫೋನು ಬರುತ್ತದೆ. "ಊಟ ಆಯ್ತಾ?" "ಆಯ್ತು. ನಿನ್ನದು?" "ಆಯ್ತು." ಅಲ್ಲಿಗೆ ಮುಗಿಯಿತು. ಏಳು ಗಂಟೆಗೆ ಯಾರದ್ದಾದರೂ ಊಟ ಆಗಿರುತ್ತದಾ? ಇಬ್ಬರೂ ಸುಳ್ಳು ಹೇಳುತ್ತೇವೆ.

ಮೊನ್ನೆ ಫೋನಿನಲ್ಲಿ ಊಟದ ಸುದ್ದಿಯೇ ಇಲ್ಲ.

"ಅಕ್ಕ, ಇವತ್ತು ಮ್ಯಾಚು ಇತ್ತು. ಇಪ್ಪತ್ತು ಪಾಯಿಂಟಿಗೆ ಸೋತೆವು."

"ಹ್ಞೂಂ."

"ಇಲ್ಲಿ ಎಲ್ಲರೂ ತುಂಬಾ ಒಳ್ಳೆಯವರು. ಪರವಾಗಿಲ್ಲ ಮೇಡಂ, ಪರವಾಗಿಲ್ಲ ಮೇಡಂ ಅಂತಾರೆ. ಕೇಳಿ ಕೇಳಿ ಸಾಕಾಯ್ತು. ನೀನು ಒಂದು ಸಲ ಬೈದುಬಿಡು ಅಕ್ಕ. ಆಮೇಲೆ ಊಟ ಮಾಡ್ತೇನೆ."

ನಾನು ಬಾಯಿ ತೆರೆದೆ. ಎಪ್ಪತ್ತು ವರ್ಷ ಒಂದು ದಿನವೂ ರಜೆ ಮಾಡದ ಬಾಯಿ ಅದು. ಒಂದು ಶಬ್ದ ಹೊರಡಲಿಲ್ಲ. ಫೋನನ್ನು ಸೊಸೆಯ ಕೈಗೆ ಕೊಟ್ಟು ಒಳಗೆ ಹೋದೆ.

ಮರುದಿನ ಬೆಳಿಗ್ಗೆ ಪಡುಬಿದ್ರಿಗೆ ಹೋಗಿ, ಅಲ್ಲಿಂದ ಕಾರ್ಕಳದ ಮೊದಲ ಬಸ್ಸು ಹತ್ತಿದೆ. ಅವಳು ಮೈದಾನದಲ್ಲಿ ಹುಡುಗಿಯರನ್ನು ಓಡಿಸುತ್ತಿದ್ದಳು. ನನ್ನನ್ನು ಕಂಡು, "ಎಂತ ಅಕ್ಕ, ಇಷ್ಟು ಬೇಗ?" ಎಂದಳು. ನಾನು ಚೀಲ ಕೆಳಗಿಟ್ಟೆ. "ಕೊಕ್ಕರೆಯ ಹಾಗೆ ಆಗಿದ್ದೀಯಲ್ಲ, ಅನ್ನ ತಿನ್ನುತ್ತೀಯಾ ಇಲ್ಲವಾ? ಇಪ್ಪತ್ತು ಪಾಯಿಂಟಿಗೆ ಸೋಲಲು ನಿನಗೆ ನಾಚಿಕೆ ಇಲ್ಲವಾ? ಹಪ್ಪಳ ಹೋದ ಸಿಟ್ಟಿಗೆ ಒಂದು ಮುದುಕಿ ಏನೋ ಒದರಿದರೆ, ಅದನ್ನು ನಂಬಿ ಯಾರಾದರೂ ಮನೆ ಬಿಡ್ತಾರಾ? ತಲೆಯಲ್ಲಿ ಬುದ್ಧಿ ಉಂಟಾ ನಿನಗೆ?" ಎಂದು ಹನ್ನೆರಡು ಹುಡುಗಿಯರ ಎದುರಿಗೇ ಶುರು ಮಾಡಿದೆ.

ಅವಳು ಸೀಟಿ ಊದಿ, "ಹೋಗಿ, ತಿಂಡಿ ತಿಂದು ಬನ್ನಿ" ಎಂದು ಅವರನ್ನು ಕಳಿಸಿದಳು. ಆಮೇಲೆ ಕಟ್ಟೆಯ ಮೇಲೆ ಕೂತು ನನಗೂ ಜಾಗ ಬಿಟ್ಟಳು.

"ನೀನು ನಿಲ್ಲಿಸಬೇಡ" ಎಂದಳು.