ರಾಹುಕಾಲದಲ್ಲಿ ರೀಸ್ಟಾರ್ಟ್

ಮೇ ಇಪ್ಪತ್ತು, ಮಂಗಳವಾರ. ಬೆಳಿಗ್ಗೆ ಸುಡುಬಿಸಿಲು, ಮಧ್ಯಾಹ್ನಕ್ಕೆ ಮೋಡ.

ಹಾಸನದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ನನಗೆ ಹೊಳೆನರಸೀಪುರದಿಂದ ಬಂದರೂ ಚನ್ನರಾಯಪಟ್ಟಣದಿಂದ ಬಂದರೂ ಫೋನು ಒಂದೇ ಥರ: "ಸಾ, ಆನ್ ಆಯ್ತದೆ, ಒಳಕ್ಕೆ ಓಯ್ತಿಲ್ಲ." ಕಂಪ್ಯೂಟರನ್ನು ಎಬ್ಬಿಸುವುದು ನನಗೆ ಕಷ್ಟವಲ್ಲ. ಅದರ ಸುತ್ತ ನಿಂತವರದ್ದೇ ಕಷ್ಟ. ಆ ದಿನ ಕರೆದದ್ದು ಅರಕಲಗೂಡಿನ ಪಕ್ಕದ ಹಳ್ಳಿಯಿಂದ.

ಏನೂ ಮುಟ್ಟದವನು

ಬೀಗರ ಊಟದ ಮನೆ. ಮದುವೆ ವಿಡಿಯೋ ತೋರಿಸುತ್ತೇನೆಂದು ಸ್ಟುಡಿಯೋದವನು ಕಂಪ್ಯೂಟರನ್ನೇ ಹೊತ್ತು ತಂದಿದ್ದ. ವಿಡಿಯೋ ಇದ್ದದ್ದು ಅದರಲ್ಲಿ ಮಾತ್ರ. ಗಂಡಿನ ಕಡೆಯವರ ವ್ಯಾನು ಐದಕ್ಕೆ ಹೊರಡುವುದಿತ್ತು.

"ಏನು ಮುಟ್ಟಿದ್ರಿ?" ಸ್ಟುಡಿಯೋದವನನ್ನು ಕೇಳಿದೆ.

"ಏನೂ ಮುಟ್ಟಿಲ್ಲ ಸಾ."

ನಾನು ಬ್ಯಾಗಿನಿಂದ ಪೆನ್‌ಡ್ರೈವ್ ತೆಗೆದೆ.

"ಒಸಿ ಸ್ಪೀಡಾಗ್ಲಿ ಅಂತ ಒಂದು ಸೆಟ್ಟಿಂಗ್ ಬದಲಾಯಿಸ್ದೆ."

"ಆಮೇಲೆ?"

"ಕೆಟ್ಟೋಯ್ತು. ಸರಿಯಾಗ್ಲಿ ಅಂತ ಇನ್ನೊಂದು."

"ಆಮೇಲೆ?"

"ಯಾವ್ದು ಬದಲಾಯಿಸ್ದೆ ಅಂತ ಮರ್ತೋಯ್ತು. ಎಲ್ಲಾನೂ ಬದಲಾಯಿಸ್ಬುಟ್ಟೆ. ಅಷ್ಟು ಬಿಟ್ರೆ ಏನೂ ಮುಟ್ಟಿಲ್ಲ ಸಾ."

ಮೂರು ಗಂಟೆ

ಸೆಟ್ಟಿಂಗುಗಳನ್ನು ಮೊದಲಿನಂತೆ ಮಾಡಿದೆ. ಆದರೆ ಕಂಪ್ಯೂಟರು ಏಳಲು ಬೇಕಾದ ಫೈಲುಗಳು ಹಾಳಾಗಿದ್ದವು. ವಿಡಿಯೋಗೆ ಏನೂ ಆಗಿರಲಿಲ್ಲ. ಪೆನ್‌ಡ್ರೈವ್ ಹಾಕಿ ಆ ಫೈಲುಗಳನ್ನು ಹೊಸದಾಗಿ ಕಟ್ಟತೊಡಗಿದೆ.

ಹೆಣ್ಣಿನ ತಂದೆ ಗೋಡೆ ಗಡಿಯಾರ ನೋಡಿ ನನ್ನ ಕೈ ಹಿಡಿದರು. "ನಿಲ್ಸಿ ಸಾ. ಮೂರಾಯ್ತು, ರಾಹುಕಾಲ."

"ಶುರು ಮಾಡಿದ್ದು ಮೂರಕ್ಕೆ ಮುಂಚೆ ಯಜಮಾನ್ರೇ. ಮುಂದುವರಿಸೋಕೆ ದೋಷ ಇಲ್ಲ."

ಒಪ್ಪಿದರು. ಗೆದ್ದೆ ಅಂದುಕೊಂಡೆ. ಐದೇ ನಿಮಿಷಕ್ಕೆ ಕೆಲಸ ಮುಗಿಯಿತು. ಇನ್ನು ಒಮ್ಮೆ ರೀಸ್ಟಾರ್ಟ್ ಮಾಡಿದರೆ ಆಯಿತು ಎಂದೆ.

"ಅಂದ್ರೆ?"

"ಆಫ್ ಆಗಿ ಆನ್ ಆಗುತ್ತೆ."

"ಅದು ಹೊಸದಾಗಿ ಶುರು ಮಾಡ್ದಂಗೇ ಅಲ್ವಾ ಸಾ?"

ಬಟನ್ ಮೇಲಿದ್ದ ಕೈ ತೆಗೆದೆ. ನಾಲ್ಕೂವರೆಯವರೆಗೆ ಎಲ್ಲರೂ ಕೂತೆವು. ಸ್ಟುಡಿಯೋದವನು ವ್ಯಾನಿನ ಕಡೆಯೇ ನೋಡುತ್ತಿದ್ದ. "ವಿಡಿಯೋ ತೋರಿಸ್ದೆ ಇದ್ರೆ, ಮುಂದಿನ ಬೀಗ್ರೂಟಕ್ಕೆ ನಾನೇ ಕುರಿ ಸಾ."

ಕೊನೆಗೆ ಕೊಟ್ಟದ್ದು

ನಾಲ್ಕೂವರೆ ದಾಟಿದೊಡನೆ ಬಟನ್ ಒತ್ತಿದೆ. ಕಂಪ್ಯೂಟರು ಎದ್ದಿತು. ಧಾರೆ ಕಾಣಿಸಿದ್ದೇ ಚಪ್ಪಲಿ ಮೆಟ್ಟಿದ್ದ ಬೀಗರು ತಿರುಗಿ ಬಂದು ಕೂತರು. ಹೊತ್ತಾಯಿತೆಂದು ಕರೆಯಲು ಬಂದ ಡ್ರೈವರೂ ಕೂತ. ವ್ಯಾನು ಹೊರಟಾಗ ಆರೂವರೆ.

ಮನೆಗೆ ಬಂದಾಗ ಹೆಂಡತಿ ಕೇಳಿದಳು, "ಏನು ಕೊಟ್ರು?"

"ಮಂಗಳವಾರ ಮನೆಯಿಂದ ದುಡ್ಡು ಆಚೆ ಹೋಗಬಾರದಂತೆ."

"ಊಟನಾದ್ರೂ ಹಾಕಿದ್ರಾ?"

"ಮಾಂಸದೂಟ. ನಾವು ಮಾಂಸದ ಅಡುಗೆ ಮುಟ್ಟೋರಲ್ಲ ಅಂದೆ. ಯಜಮಾನರು ತುಂಬಾ ನೊಂದ್ಕೊಂಡ್ರು. ಬರಿಗೈಲಿ ಕಳಿಸೋಕೆ ಆಗಲ್ಲ ಅಂತ ಒಂದು ಚೀಲ ಕೊಟ್ರು."

"ಏನಿದೆ ಅದರಲ್ಲಿ?"

"ಬೇಯಿಸದೆ ಇರೋದು" ಎಂದೆ.

ಬಾಗಿಲ ಬಳಿ ಇಟ್ಟಿದ್ದ ಚೀಲದೊಳಗಿಂದ ಹುಂಜ ಕೂಗಿತು.